ಯುಸಿ ತುಂಬುವಾಗ ನಾನು ಎಡವಿದ್ದು ಮುಂಗಡದಲ್ಲಿ: ನಮೂನೆ ಜಿಎಫ್‌ಆರ್ 12-ಎ ಬಗ್ಗೆ ಟಿಪ್ಪಣಿ

ಸರ್ಕಾರ ಕೊಟ್ಟ ಅನುದಾನವನ್ನು ಹೇಗೆ ಬಳಸಿದೆವು ಅಂತ ಸಂಸ್ಥೆ ಬರೆದುಕೊಡುವ ಕಾಗದ ಇದು; ಹಣ ಬಳಕೆ ಪ್ರಮಾಣಪತ್ರ ಅನ್ನುವುದು ಕಾಗದದ ಮೇಲಿನ ಹೆಸರು. ಕಚೇರಿಯಲ್ಲಿ ಯಾರೂ ಹಾಗೆ ಹೇಳುವುದಿಲ್ಲ, 'ಯುಸಿ ಕಳಿಸಿದ್ರಾ?' ಅಂತಲೇ ಕೇಳುವುದು. ನಾನು ಲೆಕ್ಕಪತ್ರ ಓದಿದವಳಲ್ಲ. ಸ್ವಸಹಾಯ ಗುಂಪುಗಳ ತರಬೇತಿ ನೋಡಿಕೊಳ್ಳುತ್ತಿದ್ದವಳಿಗೆ, ಲೆಕ್ಕದವರು ಕೆಲಸ ಬಿಟ್ಟ ಮೇಲೆ, ಕೇಂದ್ರ ಸರ್ಕಾರದ ಅನುದಾನದ ಯುಸಿ ತಗಲಿಕೊಂಡಿತು. ನಾನು ಮಾಡಿದ್ದು ಎರಡು ಸಲ ವಾಪಸ್ ಬಂತು. ಮೂರನೇ ಸಲ ಕಳಿಸುವ ಮುಂಚೆ ಅರ್ಥವಾದದ್ದನ್ನು, ಮರೆಯುವ ಮೊದಲು, ಇಲ್ಲಿ ಬರೆದಿಡುತ್ತಿದ್ದೇನೆ. ರಾಜ್ಯ ಸರ್ಕಾರದ ಅನುದಾನಕ್ಕೆ ಬೇರೆ ನಿಯಮಗಳಿವೆ. ಇದು ಕೇಂದ್ರದ್ದು ಮಾತ್ರ.

ಮೊದಲು ನೆಲಗಟ್ಟು

ಎಲ್ಲದರ ಮೂಲ ಸಾಮಾನ್ಯ ಹಣಕಾಸು ನಿಯಮಗಳು 2017, ಅಂದರೆ ಜಿಎಫ್‌ಆರ್. ಅದರ 9ನೇ ಅಧ್ಯಾಯ ಅನುದಾನದ ಬಗ್ಗೆ. ಪೂರ್ತಿ ಓದಲು ಹೋಗಬೇಡಿ, ನಾನು ಹೋಗಿ ಒಂದು ಭಾನುವಾರ ಕಳೆದುಕೊಂಡೆ. ನಮ್ಮಂಥವರಿಗೆ ನಿಯಮ 230 (ಅನುದಾನ ಕೊಡುವ ಷರತ್ತುಗಳು), 236 (ಆಡಿಟ್), 238 (ಯುಸಿ) ಸಾಕು. ಹಳೆಯ ಫೈಲುಗಳಲ್ಲಿ '19-ಎ' ಅಂತ ಕಂಡರೆ ಗಾಬರಿ ಬೇಡ, ಅದು 2005ರ ನಿಯಮಗಳ ಕಾಲದ ನಮೂನೆ. ಈಗಿನದು 12-ಎ. ಹಳೆಯದನ್ನೇ ನಕಲು ಮಾಡಿ ಕಳಿಸಿದ್ದು ನನ್ನ ಮೊದಲ ವಾಪಸಾತಿಗೆ ಕಾರಣ. ಆ ಕಥೆ ಅಷ್ಟೇ. ಎರಡನೆಯದ್ದು ನಿಜವಾದ ಪಾಠ.

ಎಡವಟ್ಟಾದ ಜಾಗ

12-ಎ ತೆರೆದರೆ ಮೊದಲು ಯೋಜನೆಯ ಹೆಸರು, ಅನುದಾನ ಆವರ್ತಕವೋ (ವರ್ಷವರ್ಷವೂ ಬರುವುದು) ಅನಾವರ್ತಕವೋ (ಒಂದೇ ಸಲದ್ದು) ಅನ್ನುವುದು. ಅದಾದ ಮೇಲೆ 3ನೇ ಸಾಲಿನಲ್ಲಿ ವರ್ಷದ ಆರಂಭದ ಸ್ಥಿತಿ: ಕೈಯಲ್ಲಿ ಅಥವಾ ಬ್ಯಾಂಕಿನಲ್ಲಿ ಇರುವ ಹಣ, ಹೊಂದಾಣಿಕೆಯಾಗದ ಮುಂಗಡ (ಕೊಟ್ಟರೂ ಇನ್ನೂ ಬಿಲ್ ಬರದ ಹಣ), ಇವೆರಡರ ಒಟ್ಟು. ಆಮೇಲೆ ಏಳು ಅಂಕಣಗಳ ಪಟ್ಟಿ. ಅಂಕಣ 1 ಹಿಂದಿನ ಶಿಲ್ಕು (ಉಳಿಕೆ), 2 ಅದರ ಮೇಲೆ ಬಂದ ಬಡ್ಡಿ, 3 ಸರ್ಕಾರಕ್ಕೆ ಹಿಂದಿರುಗಿಸಿದ ಬಡ್ಡಿ, 4 ಈ ವರ್ಷ ಬಂದ ಅನುದಾನ, 5 ಒಟ್ಟು ಲಭ್ಯ ಹಣ (1+2-3+4), 6 ಖರ್ಚು, 7 ಅಂತಿಮ ಶಿಲ್ಕು (5-6). ಕೊನೆಗೆ ಮತ್ತೆ ವರ್ಷಾಂತ್ಯದ ಸ್ಥಿತಿ: ಬ್ಯಾಂಕ್, ಮುಂಗಡ, ಒಟ್ಟು.

ನೋಡಲು ಎರಡನೇ ಪಿಯುಸಿ ಲೆಕ್ಕಕ್ಕಿಂತ ಸುಲಭ. ನಾನು ಪಾಸ್‌ಬುಕ್ ತೆಗೆದು, ವರ್ಷದಲ್ಲಿ ಖಾತೆಯಿಂದ ಹೋದ ಹಣವನ್ನೆಲ್ಲ ಕೂಡಿ (ಬಡ್ಡಿ ಕಟ್ಟಿದ್ದನ್ನು ಬಿಟ್ಟು) ಅಂಕಣ 6ರಲ್ಲಿ ಬರೆದೆ. ಹಣ ಹೋಯಿತು ಅಂದರೆ ಖರ್ಚಾಯಿತು, ಅಲ್ಲವೇ? ನಮ್ಮ ಆಡಿಟರ್ ನೋಡಿ ಕೇಳಿದ್ದು ಒಂದೇ ಪ್ರಶ್ನೆ: "ಈ ಖರ್ಚು ಎಲ್ಲಿಂದ ತಗೊಂಡ್ರಿ ಮೇಡಂ?" "ಪಾಸ್‌ಬುಕ್‌ನಿಂದ ಸರ್." "ಅಲ್ಲೇ ನೋಡಿ ಎಡವಟ್ಟು."

ನಮ್ಮದಲ್ಲದ ಅಂಕಿ ಇಟ್ಟುಕೊಂಡು ಮಾಡಿ ತೋರಿಸುತ್ತೇನೆ. ಪೆನ್ನು ಹಿಡಿದು ಜೊತೆಗೇ ಮಾಡಿ, ಓದಿದರೆ ಹತ್ತುವುದಿಲ್ಲ.

ವರ್ಷದ ಆರಂಭದಲ್ಲಿ ಬ್ಯಾಂಕಿನಲ್ಲಿ 40,000 ರೂ. ಹಿಂದಿನ ವರ್ಷ ಕ್ಷೇತ್ರ ಸಂಯೋಜಕರಿಗೆ ಕೊಟ್ಟು ಇನ್ನೂ ಬಿಲ್ ಬರದ ಮುಂಗಡ 25,000. ಒಟ್ಟು 65,000. ಈ ವರ್ಷ ಬಂದ ಅನುದಾನ 8,00,000. ಬಡ್ಡಿ 6,200. ಹಿಂದಿನ ವರ್ಷದ ಬಡ್ಡಿ 4,800 ಆ 40,000ದೊಳಗೇ ಕೂತಿತ್ತು, ಅದನ್ನು ಈ ವರ್ಷ ಸರ್ಕಾರಕ್ಕೆ ಕಟ್ಟಿದೆವು. ಹಾಗಾದರೆ ಅಂಕಣ 5:

65,000 + 6,200 - 4,800 + 8,00,000 = 8,66,400.

ಈಗ ಹೋದ ಹಣ. ಅಂಗಡಿ, ಬಾಡಿಗೆ, ಸಂಪನ್ಮೂಲ ವ್ಯಕ್ತಿಗಳಿಗೆ ನೇರವಾಗಿ ಕೊಟ್ಟದ್ದು 4,87,000. ಶಿಬಿರ ನಡೆಸಲು ಸಂಯೋಜಕರಿಗೆ ಕೊಟ್ಟ ಮುಂಗಡ 2,60,000. ಅದರಲ್ಲಿ 2,00,000ಕ್ಕೆ ಬಿಲ್ ಬಂದಿದೆ, 60,000ಕ್ಕೆ ಬಂದಿಲ್ಲ. ಹಿಂದಿನ ವರ್ಷದ 25,000ಕ್ಕೂ ಈ ವರ್ಷ ಬಿಲ್ ಬಂತು.

ನನ್ನ ಪಾಸ್‌ಬುಕ್ ವಿಧಾನದಲ್ಲಿ ಖರ್ಚು 4,87,000 + 2,60,000 = 7,47,000. ಅಂತಿಮ ಶಿಲ್ಕು 8,66,400 - 7,47,000 = 1,19,400. ಬ್ಯಾಂಕಿನಲ್ಲಿ ಇರುವುದೋ 94,400. ವ್ಯತ್ಯಾಸ ಕರೆಕ್ಟಾಗಿ 25,000. ನಾನು ಏನು ಮಾಡಿದೆ ಗೊತ್ತೇ? ಆ 25,000ವನ್ನು ವರ್ಷಾಂತ್ಯದ ಮುಂಗಡದ ಸಾಲಿನಲ್ಲಿ ಬರೆದು ತಾಳೆ ಮಾಡಿಬಿಟ್ಟೆ. ಒಟ್ಟು ಸರಿಹೋಯಿತು, ಮನಸ್ಸಿಗೂ ಸಮಾಧಾನವಾಯಿತು. ಆದರೆ ಲೆಕ್ಕ ಪೂರ್ತಿ ಸುಳ್ಳು: ಬಿಲ್ ಬಂದು ಮುಗಿದ 25,000 ಇನ್ನೂ ಬಾಕಿ ಅಂತ ಹೇಳಿತು, ನಿಜವಾಗಿ ಬಾಕಿ ಇದ್ದ 60,000 ಖರ್ಚಾಯಿತು ಅಂತ ಹೇಳಿತು.

ಸರಿಯಾದದ್ದು ಹೀಗೆ. ಮುಂಗಡ ಕೊಟ್ಟಾಗ ಹಣ ಒಂದು ಜೇಬಿನಿಂದ ಇನ್ನೊಂದು ಜೇಬಿಗೆ ಹೋಯಿತು, ಅಷ್ಟೆ. ಬಿಲ್ ಬಂದು, ನಾವು ಒಪ್ಪಿ, ಲೆಡ್ಜರಿಗೆ ಏರಿಸಿದ ದಿನವೇ ಅದು ಖರ್ಚು. ಆದ್ದರಿಂದ ಖರ್ಚು = 4,87,000 + 2,00,000 + 25,000 = 7,12,000. ಅಂತಿಮ ಶಿಲ್ಕು 8,66,400 - 7,12,000 = 1,54,400. ವರ್ಷಾಂತ್ಯದ ಸ್ಥಿತಿ: ಬ್ಯಾಂಕ್ 94,400, ಮುಂಗಡ 60,000, ಒಟ್ಟು 1,54,400. ಕೂಡಿತು. ಇದು ಹೊಂದಿಸಿದ್ದಲ್ಲ, ತಾನಾಗೇ ಕೂಡಿದ್ದು.

ನನ್ನ ಖರ್ಚಿಗೂ ಸರಿಯಾದ ಖರ್ಚಿಗೂ ಇರುವ ವ್ಯತ್ಯಾಸ ನೋಡಿ: 7,47,000 - 7,12,000 = 35,000. ವರ್ಷಾಂತ್ಯದ ಮುಂಗಡದಲ್ಲಿ (60,000) ವರ್ಷಾರಂಭದ ಮುಂಗಡ (25,000) ಕಳೆದರೂ ಅದೇ 35,000. ಇದು ಗೊತ್ತಾದ ದಿನ ನನಗೆ ನಿದ್ದೆ ಬಂತು. ಖರ್ಚು ಇಷ್ಟೇ ಮೊತ್ತಕ್ಕೆ ತಪ್ಪುತ್ತಿದ್ದರೆ ಬೇರೆಲ್ಲೂ ಹುಡುಕಬೇಡಿ, ಮುಂಗಡವನ್ನು ಖರ್ಚಿಗೆ ಹಾಕಿಕೊಂಡಿದ್ದೀರಿ.

ಈಗ ನಾನು ನಮೂನೆಯನ್ನು ಮೇಲಿನಿಂದ ತುಂಬುವುದೇ ಇಲ್ಲ. ಕೆಳಗಿನಿಂದ ಶುರು. ಮಾರ್ಚ್ 31ರ ನಗದು ಪುಸ್ತಕದ ಬ್ಯಾಂಕ್ ಶಿಲ್ಕು ಬರೆಯುತ್ತೇನೆ. ಮುಂಗಡದ ವಹಿ ತೆಗೆದು ಒಬ್ಬೊಬ್ಬರ ಹೆಸರಿನ ಮುಂದೆ ಬಾಕಿ ಎಷ್ಟು ಅಂತ ಪಟ್ಟಿ ಮಾಡಿ ಒಟ್ಟು ಬರೆಯುತ್ತೇನೆ. ಎರಡೂ ಕೂಡಿದರೆ ಅಂಕಣ 7 ಬಂತು. ಅಂಕಣ 5ರಲ್ಲಿ ಅದನ್ನು ಕಳೆದರೆ ಅಂಕಣ 6 ಎಷ್ಟಿರಬೇಕು ಅಂತ ಗೊತ್ತಾಗುತ್ತದೆ. ಆಮೇಲೆ ಲೆಡ್ಜರಿನ ಖರ್ಚು ಅದಕ್ಕೆ ತಾಳೆಯಾಗುತ್ತದೋ ನೋಡುತ್ತೇನೆ. ಖರ್ಚನ್ನು ಲೆಡ್ಜರಿನಿಂದಲೇ ತೆಗೆಯಬೇಕು. ಕೆಳಗಿನಿಂದ ಬಂದ ಸಂಖ್ಯೆ ಪರೀಕ್ಷೆಗೆ ಮಾತ್ರ. ಅದನ್ನೇ ನಕಲು ಮಾಡಿದರೆ ನನ್ನ ಹಳೆಯ ಸುಳ್ಳಿಗೂ ಇದಕ್ಕೂ ವ್ಯತ್ಯಾಸವಿಲ್ಲ.

'ನಗದು ಪುಸ್ತಕ' ಅಂದೆ, ಪಾಸ್‌ಬುಕ್ ಅಲ್ಲ. ಮಾರ್ಚ್ 29ಕ್ಕೆ ಕೊಟ್ಟ ಚೆಕ್ಕು ಏಪ್ರಿಲ್ 4ಕ್ಕೆ ಪಾಸಾದರೆ ಪಾಸ್‌ಬುಕ್‌ನಲ್ಲಿ ಶಿಲ್ಕು ಜಾಸ್ತಿ ಕಾಣುತ್ತದೆ. ಎರಡರ ತಾಳೆಪಟ್ಟಿ ಜೊತೆಗಿಟ್ಟರೆ ಪ್ರಶ್ನೆ ಬರುವುದಿಲ್ಲ.

ಇನ್ನೊಂದು ಪಕ್ಕದ ಮಾತು. ಸರ್ಕಾರ ಕೊಟ್ಟ ಹಣದ ಲೆಕ್ಕ ಇಡುವ ಆನ್‌ಲೈನ್ ವ್ಯವಸ್ಥೆ ಪಿಎಫ್‌ಎಂಎಸ್‌ನಲ್ಲಿ ನಾವು ಖರ್ಚು ದಾಖಲಿಸುವ ಭಾಗಕ್ಕೆ 'ಈಎಟಿ' ಅಂತ ಹೆಸರು. ಎಕ್ಸ್‌ಪೆಂಡಿಚರ್, ಅಡ್ವಾನ್ಸ್, ಟ್ರಾನ್ಸ್‌ಫರ್. ಒಂದು ವರ್ಷದಿಂದ ಆ ಮೂರಕ್ಷರ ಟೈಪ್ ಮಾಡುತ್ತಿದ್ದೆ, ಬಿಡಿಸಿ ನೋಡಿರಲಿಲ್ಲ. ನನ್ನ ತಪ್ಪಿಗೆ ಉತ್ತರ ಆ ಹೆಸರಲ್ಲೇ ಇತ್ತು: ಮೂರೂ ಬೇರೆ ಬೇರೆ. ಸಂಯೋಜಕರಿಗೆ ಕೊಟ್ಟದ್ದನ್ನು ಅಲ್ಲಿ 'ಅಡ್ವಾನ್ಸ್' ಅಂತಲೇ ಹಾಕಿ, ಬಿಲ್ ಬಂದ ಮೇಲೆ ಹೊಂದಾಣಿಕೆ ಮಾಡಬೇಕು. ಇಲ್ಲದಿದ್ದರೆ ಪರದೆಯ ಮೇಲಿನ ಖರ್ಚು ಒಂದು, ಯುಸಿಯ ಖರ್ಚು ಇನ್ನೊಂದು.

ಬಡ್ಡಿ ನಮ್ಮದಲ್ಲ

ಇದನ್ನು ಒಪ್ಪಿಕೊಳ್ಳಲು ನಮ್ಮ ಕಾರ್ಯದರ್ಶಿಗೆ ನನಗಿಂತ ಹೆಚ್ಚು ದಿನ ಬೇಕಾಯಿತು. ನಿಯಮ 230(8)ರ ಪ್ರಕಾರ ಅನುದಾನದ ಮೇಲೆ ಬಂದ ಬಡ್ಡಿಯನ್ನು ಲೆಕ್ಕ ಅಂತಿಮವಾದ ಕೂಡಲೇ ಭಾರತದ ಸಂಚಿತ ನಿಧಿಗೆ, ಅಂದರೆ ಕೇಂದ್ರ ಸರ್ಕಾರದ ಮುಖ್ಯ ಖಜಾನೆಗೆ, ಕಟ್ಟಲೇಬೇಕು. 'ಮುಂದಿನ ಕಂತಿನಲ್ಲಿ ಮುರಿದುಕೊಳ್ಳಿ' ಅನ್ನುವ ಹಾಗಿಲ್ಲ. ಸರ್ಕಾರಕ್ಕೆ ಆನ್‌ಲೈನ್‌ನಲ್ಲಿ ಹಣ ಕಟ್ಟುವ ಭಾರತಕೋಶ ಪೋರ್ಟಲಿನಲ್ಲಿ ಕಟ್ಟಿ ರಸೀದಿ ತೆಗೆದಿಡಬಹುದು. ಯಾವ ಲೆಕ್ಕಶೀರ್ಷಿಕೆಗೆ (ಹಣ ಯಾವ ಬಾಬ್ತಿನದು ಅಂತ ಹೇಳುವ ಸಂಕೇತ ಸಂಖ್ಯೆ) ಅನ್ನುವುದನ್ನು ಮಾತ್ರ ಇಲಾಖೆಯನ್ನೇ ಕೇಳಿ.

ಗೊಂದಲ ಬರುವುದು ವರ್ಷದಲ್ಲಿ. ಲೆಕ್ಕ ಅಂತಿಮವಾಗುವುದು ವರ್ಷ ಮುಗಿದ ಮೇಲೆ. ಹಾಗಾಗಿ ಅಂಕಣ 2ರಲ್ಲಿ ಈ ವರ್ಷದ ಬಡ್ಡಿ, ಅಂಕಣ 3ರಲ್ಲಿ ಸಾಮಾನ್ಯವಾಗಿ ಹಿಂದಿನ ವರ್ಷದ್ದು. ಎರಡೂ ಒಂದೇ ಇರಬೇಕು ಅಂತ ನಾನು ತಲೆ ಕೆಡಿಸಿಕೊಂಡಿದ್ದೆ. ಬೇಕಿಲ್ಲ. ಮೇಲಿನ ಉದಾಹರಣೆಯ 1,54,400ರಲ್ಲಿ 6,200 ನಮ್ಮದಲ್ಲ, ಮುಂದಿನ ವರ್ಷ ಕಟ್ಟಬೇಕಾದದ್ದು ಅಂತ ಪಕ್ಕದಲ್ಲಿ ಟಿಪ್ಪಣಿ ಬರೆದರೆ ಸಾಕು. ಹಣ ಕೂತಿರುವುದೇ ಇಲ್ಲದ ಶೂನ್ಯ ಶಿಲ್ಕಿನ ಖಾತೆಯ ಮೂಲಕ ಹಣ ಬರುವ ಯೋಜನೆಗಳಲ್ಲಿ ಈ ತಲೆನೋವೇ ಇರುವುದಿಲ್ಲ. ಪುಣ್ಯವಂತರು.

31, 35, 36

ಮಂಜೂರಾತಿ ಆದೇಶದ ಕೊನೆಯಲ್ಲಿ ಉದ್ದನೆಯ ಲೆಕ್ಕಶೀರ್ಷಿಕೆ ಇರುತ್ತದೆ, ಯಾರೂ ಓದುವುದಿಲ್ಲ. ಅದರ ಕೊನೆಯ ಎರಡಂಕಿ ನೋಡಿ. 31 ಅಂದರೆ ಸಾಮಾನ್ಯ ಅನುದಾನ, 35 ಬಂಡವಾಳ ಆಸ್ತಿ ಸೃಷ್ಟಿಗೆ, 36 ಸಂಬಳಕ್ಕೆ. 12-ಎಯಲ್ಲೂ ಖರ್ಚನ್ನು ಈ ಮೂರರಲ್ಲೇ ಒಡೆದು ತೋರಿಸಬೇಕು. 31ರ ಹಣದಲ್ಲಿ ಹೊಲಿಗೆ ಯಂತ್ರ ಕೊಂಡಿದ್ದರೆ ವಿವರಣೆ ಕೊಡುವ ಸಂದರ್ಭ ಬರುತ್ತದೆ. ಅನುದಾನದಲ್ಲಿ ಕೊಂಡ ಆಸ್ತಿಯನ್ನು ವಹಿಯಲ್ಲಿ ಬರೆಯಬೇಕು, ಸರ್ಕಾರದ ಒಪ್ಪಿಗೆ ಇಲ್ಲದೆ ಮಾರುವಂತಿಲ್ಲ. ಹಳೆಯದಾಯಿತು ಅಂತ ಗುಜರಿಗೂ ಹಾಕುವಂತಿಲ್ಲ.

ಶಿಬಿರ ನಡೆಸಿದೆವು ಅಂದರೆ ಸಾಲದು

ನಿಯಮ 238ರಲ್ಲಿ ಒಂದು ವಾಕ್ಯ ನಮ್ಮಂಥ ಕ್ಷೇತ್ರದವರಿಗೇ ಬರೆದ ಹಾಗಿದೆ: ಮೌಲ್ಯಮಾಪನ ಹಾಕಿದ ಹಣದ ಮೇಲಲ್ಲ, ಬಂದ ಫಲದ ಮೇಲೆ ಇರಬೇಕು. ನಿಗದಿಪಡಿಸಿದ ಗುರಿ ಮುಟ್ಟಿತೋ, ಇಲ್ಲವಾದರೆ ಏಕೆ ಅಂತಲೂ ಯುಸಿ ಹೇಳಬೇಕು. 'ತರಬೇತಿಗೆ 3 ಲಕ್ಷ ಖರ್ಚಾಗಿದೆ' ಅನ್ನುವುದು ಹಾಕಿದ ಹಣ. '120 ಮಹಿಳೆಯರ ಗುರಿಯಲ್ಲಿ 97 ಮಂದಿ ತರಬೇತಿ ಮುಗಿಸಿದರು, ಉಳಿದವರು ಸುಗ್ಗಿಯ ಕಾರಣ ಬಿಟ್ಟರು' ಅನ್ನುವುದು ಬಂದ ಫಲ. ಗುರಿಯ ಸಂಖ್ಯೆಯನ್ನು ನಿಮ್ಮ ಪ್ರಸ್ತಾವನೆಯಿಂದ ಎತ್ತಬೇಡಿ, ಮಂಜೂರಾತಿ ಆದೇಶದಿಂದ ಎತ್ತಿ. ನಾವು 150 ಕೇಳಿದ್ದೆವು, ಅವರು ಕೊಟ್ಟದ್ದು 120ಕ್ಕೆ. ನಾನು 150 ಬರೆದು ಇಲ್ಲದ ಸೋಲನ್ನು ಮೈಮೇಲೆ ಎಳೆದುಕೊಂಡಿದ್ದೆ.

ಗಡುವು, ಸಹಿ

ಅನಾವರ್ತಕ ಅನುದಾನಕ್ಕೆ, ಹಣಕಾಸು ವರ್ಷ ಮುಗಿದ 12 ತಿಂಗಳೊಳಗೆ ಯುಸಿ ಕೊಡಬೇಕು. ಕೊಡದಿದ್ದರೆ ಸಚಿವಾಲಯ ಆ ಸಂಸ್ಥೆಯನ್ನು ಮುಂದಿನ ಅನುದಾನಗಳಿಂದ ಕಪ್ಪುಪಟ್ಟಿಗೆ ಸೇರಿಸಬಹುದು. ಆವರ್ತಕದಲ್ಲಿ ಗಂಟಲು ಹಿಡಿಯುವುದು ಬೇರೆ ಕಡೆ: ಹಿಂದಿನ ವರ್ಷದ ಯುಸಿ ಹೋಗದೆ ಈ ವರ್ಷದ ಹಣ ಬಿಡುಗಡೆಯಾಗುವುದಿಲ್ಲ, ಒಟ್ಟು ಮಂಜೂರಾತಿಯ ಶೇ. 75ಕ್ಕಿಂತ ಹೆಚ್ಚಿನದು ಬೇಕಾದರೆ ಆಡಿಟ್ ಆದ ಲೆಕ್ಕಪಟ್ಟಿಯೂ ಹೋಗಿರಬೇಕು. ಅಂದರೆ 12 ತಿಂಗಳಿದೆ ಅಂತ ಕೂತರೆ ಸಿಬ್ಬಂದಿ ಸಂಬಳ ನಿಲ್ಲುತ್ತದೆ. ನಿಮ್ಮ ಮಂಜೂರಾತಿ ಆದೇಶದಲ್ಲಿ ಇನ್ನೂ ಹತ್ತಿರದ ದಿನಾಂಕ ಇದ್ದರೆ ಅದನ್ನೇ ಹಿಡಿಯಿರಿ.

12-ಎಗೆ ಸಂಸ್ಥೆಯ ಹಣಕಾಸು ಮುಖ್ಯಸ್ಥರು ಮತ್ತು ಸಂಸ್ಥೆಯ ಮುಖ್ಯಸ್ಥರ ಸಹಿ. ಸಿಎ ಸಹಿಯನ್ನೂ ಕೇಳಿದ್ದರೆ 18 ಅಂಕಿ-ಅಕ್ಷರಗಳ ಯುಡಿಐಎನ್ ಸಂಖ್ಯೆ (ಸಿಎ ಸಹಿ ಮಾಡಿದ ದಾಖಲೆಯ ಗುರುತು ಸಂಖ್ಯೆ) ಇದೆಯೇ ನೋಡಿಕೊಳ್ಳಿ. ಸಹಿಯ ಮೇಲಿರುವ ಪ್ರಮಾಣದ ಸಾಲುಗಳನ್ನು ಒಮ್ಮೆಯಾದರೂ ಓದಿ. ಇಲ್ಲಿನ ಅಂಕಿಗಳು ಆಡಿಟ್ ಆದ ಲೆಕ್ಕಕ್ಕೆ ತಾಳೆಯಾಗುತ್ತವೆ, ಸೌಲಭ್ಯ ಉದ್ದೇಶಿತ ಫಲಾನುಭವಿಗಳಿಗೇ ತಲುಪಿದೆ, ಹಣ ಯೋಜನೆಯ ಪ್ರದೇಶದಲ್ಲೇ ಬಳಕೆಯಾಗಿದೆ ಅಂತೆಲ್ಲ ಅಲ್ಲಿ ಒಪ್ಪಿಕೊಳ್ಳುತ್ತೇವೆ. ನಮ್ಮ ಕಾರ್ಯದರ್ಶಿ ಓದಿ, ಪೆನ್ನು ಕೆಳಗಿಟ್ಟು, "ಆ ಮುಂಗಡದ ಪಟ್ಟಿ ಒಂದ್ಸಲ ತೋರಿಸಮ್ಮ" ಅಂದರು. ಪಟ್ಟಿಯಲ್ಲಿ ಮೊದಲ ಹೆಸರು ಅವರದೇ ಇತ್ತು.