16 ಅಂದ್ರೆ ಯಾವ ಹಲ್ಲು? ಡೆಂಟಲ್ ಸಾಫ್ಟ್‌ವೇರ್ ಕಲಿಯುತ್ತಾ ಬರೆದುಕೊಂಡ ಟಿಪ್ಪಣಿ

ಬಿಡಿಎಸ್ ಮುಗಿಸಿ, ಅಮೆರಿಕದ ಡೆಂಟಲ್ ಕ್ಲಿನಿಕ್‌ಗಳ ಬಿಲ್ಲಿಂಗ್ ಮಾಡುವ ಕೆಲಸಕ್ಕೆ ಸೇರಿ ಮೂರು ವಾರ ಆಯಿತು. ಕ್ಲಿನಿಕ್ ಅಲ್ಲಿ, ನಾವು ಇಲ್ಲಿ. ನಡುವೆ ಇರುವುದು ಸಾಫ್ಟ್‌ವೇರ್ ಒಂದೇ. ಡೆಂಟ್ರಿಕ್ಸ್, ಈಗಲ್‌ಸಾಫ್ಟ್, ಓಪನ್ ಡೆಂಟಲ್, ಹೀಗೆ ಒಂದೊಂದು ಕ್ಲಿನಿಕ್‌ನಲ್ಲಿ ಒಂದೊಂದು. ಮನೆಯಲ್ಲಿ ಅಭ್ಯಾಸಕ್ಕೆ ಓಪನ್ ಡೆಂಟಲ್‌ನ ಟ್ರಯಲ್ ಹಾಕಿಕೊಂಡಿದ್ದೇನೆ, ಹಾಗಾಗಿ ಉದಾಹರಣೆಗಳೆಲ್ಲ ಅದರಿಂದಲೇ.

ಒಟ್ಟು ದಾರಿ

ಅಪಾಯಿಂಟ್‌ಮೆಂಟ್ ಹಾಕುತ್ತಾರೆ. ಡಾಕ್ಟರ್ ನೋಡಿ ಚಾರ್ಟ್‌ನಲ್ಲಿ ಹಲ್ಲು ಗುರುತಿಸಿ ಟ್ರೀಟ್‌ಮೆಂಟ್ ಪ್ಲಾನ್ ಬರೆಯುತ್ತಾರೆ. ಕೆಲಸ ಮುಗಿದ ಮೇಲೆ 'ಕಂಪ್ಲೀಟ್' ಒತ್ತಿದರೆ ಅದು ಪೇಷಂಟ್‌ನ ಲೆಕ್ಕಕ್ಕೆ ಬರುತ್ತದೆ. ಅಲ್ಲಿಂದ ಇನ್ಶೂರೆನ್ಸ್ ಕ್ಲೇಮ್ ಹೋಗುತ್ತದೆ. ಆಮೇಲೆ ರೀಕಾಲ್, ಅಂದರೆ ಪೇಷಂಟನ್ನು ಗೊತ್ತಾದ ಅವಧಿಗೆ ಮತ್ತೆ ಕರೆಯುವುದು. ಇಷ್ಟು ಎರಡೇ ದಿನದಲ್ಲಿ ಅರ್ಥವಾಯಿತು.

ಹಲ್ಲಿನ ನಂಬರ್

ನಾನು ಎಡವಿದ್ದು ಇಲ್ಲಿ. ಕಾಲೇಜಿನಲ್ಲಿ ನಾವೆಲ್ಲ ಕಲಿತಿದ್ದು ಎಫ್‌ಡಿಐ ಪದ್ಧತಿ. ಎರಡು ಅಂಕಿ. ಮೊದಲನೆಯದು ಬಾಯಿಯ ಯಾವ ಕಾಲುಭಾಗ ಅಂತ ಹೇಳುತ್ತದೆ (1 ಮೇಲೆ ಬಲ, 2 ಮೇಲೆ ಎಡ, 3 ಕೆಳಗೆ ಎಡ, 4 ಕೆಳಗೆ ಬಲ), ಎರಡನೆಯದು ಮಧ್ಯದಿಂದ ಎಷ್ಟನೇ ಹಲ್ಲು ಅಂತ. 16 ಅಂದರೆ ಮೇಲೆ ಬಲಗಡೆ ಆರನೆಯದು, ಮೊದಲ ದೊಡ್ಡ ದವಡೆಹಲ್ಲು. ಅಮೆರಿಕದಲ್ಲಿ ಬಳಸುವುದು ಯೂನಿವರ್ಸಲ್ ಪದ್ಧತಿ. ಮೇಲಿನ ಬಲ ಬುದ್ಧಿಹಲ್ಲಿಗೆ 1. ಹಾಗೇ ಎಡಕ್ಕೆ ಎಣಿಸುತ್ತಾ ಹೋದರೆ ಮೇಲಿನ ಎಡ ಬುದ್ಧಿಹಲ್ಲು 16. ಅದರ ಕೆಳಗಿನದು 17. ಅಲ್ಲಿಂದ ವಾಪಸ್ ಬಲಕ್ಕೆ ಬಂದರೆ ಕೊನೆಯದು 32.

ಟ್ರೇನಿಂಗ್‌ನಲ್ಲಿ ಒಂದು ಕ್ರೌನ್ (ಹಲ್ಲಿನ ಮೇಲೆ ಹಾಕುವ ಕ್ಯಾಪ್) ಕ್ಲೇಮ್ ತುಂಬಲು ಕೊಟ್ಟರು. ಆ ಚಿಕಿತ್ಸೆಯ ಕೋಡ್ ಡಿ2740 ಸರಿಯಾಗಿ ಹಾಕಿದೆ. ಎಕ್ಸ್-ರೇ ನೋಡಿ ಹಲ್ಲಿನ ಜಾಗದಲ್ಲಿ 16 ಅಂತ ಬರೆದೆ. ಹೇಳಿಕೊಡುತ್ತಿದ್ದ ಮೇಡಂ ಪಕ್ಕ ಕೂತು, "ನೋಡಮ್ಮ, ಇವರ ಲೆಕ್ಕದಲ್ಲಿ 16 ಅಂದ್ರೆ ಆ ಕಡೆ ಬುದ್ಧಿಹಲ್ಲು. ಎಕ್ಸ್-ರೇಲಿ ಇರೋದು ಈ ಕಡೆ ಹಲ್ಲು. ಇನ್ಶೂರೆನ್ಸ್‌ನೋರು ಇದನ್ನ ಪಾಸ್ ಮಾಡ್ತಾರಾ?" ಅಂದರು. ಅಲ್ಲಿ 3 ಇರಬೇಕಿತ್ತು.

ಮನೆಗೆ ಬಂದು ಎರಡೂ ಪದ್ಧತಿಯನ್ನು ಅಕ್ಕಪಕ್ಕ ಬರೆದು ನೋಡಿದೆ. 11ರಿಂದ 18, 21ರಿಂದ 28, ಜೊತೆಗೆ 31 ಮತ್ತು 32. ಈ 18 ನಂಬರ್ ಎರಡರಲ್ಲೂ ಇವೆ. ಒಂದೇ ಒಂದು ನಂಬರ್ ಕೂಡ ಎರಡರಲ್ಲೂ ಅದೇ ಹಲ್ಲನ್ನು ತೋರಿಸುವುದಿಲ್ಲ! 48 ಅಂತ ಬರೆದರೆ ತಪ್ಪು ಗೊತ್ತಾಗಿಬಿಡುತ್ತದೆ, ಯಾಕಂದ್ರೆ ಅವರ ಎಣಿಕೆ 32ಕ್ಕೇ ಮುಗಿಯುತ್ತದೆ. 16 ಅಂತ ಬರೆದರೆ ಸಾಫ್ಟ್‌ವೇರ್ ಸುಮ್ನೆ ಒಪ್ಪಿಕೊಳ್ಳುತ್ತದೆ.

ನಾನು ಮಾಡಿಕೊಂಡ ಸೂತ್ರ ಇದು. ಎಫ್‌ಡಿಐ ನಂಬರಿನ ಎರಡನೇ ಅಂಕಿ ತೆಗೆದುಕೊಳ್ಳಿ.

ಮೊದಲ ಅಂಕಿ 1 ಇದ್ದರೆ 9ರಿಂದ ಕಳೆಯಿರಿ: 16 → 9 − 6 = 3
2 ಇದ್ದರೆ 8ಕ್ಕೆ ಕೂಡಿಸಿ: 26 → 8 + 6 = 14
3 ಇದ್ದರೆ 25ರಿಂದ ಕಳೆಯಿರಿ: 36 → 25 − 6 = 19
4 ಇದ್ದರೆ 24ಕ್ಕೆ ಕೂಡಿಸಿ: 46 → 24 + 6 = 30

ಬೆಸ ಬಂದರೆ ಕಳೆ, ಸಮ ಬಂದರೆ ಕೂಡಿಸು. ಕಾರಣ ಗೊತ್ತಾದರೆ ಮರೆಯುವುದಿಲ್ಲ. ಎಫ್‌ಡಿಐ ಯಾವಾಗಲೂ ಮಧ್ಯದಿಂದ ಹಿಂದಕ್ಕೆ ಎಣಿಸುತ್ತದೆ. ಯೂನಿವರ್ಸಲ್ ಒಂದೇ ಸುತ್ತು ಹೊಡೆಯುತ್ತದೆ. 1 ಮತ್ತು 3ರಲ್ಲಿ ಆ ಸುತ್ತು ಹಿಂದಿನಿಂದ ಮಧ್ಯಕ್ಕೆ ಬರುತ್ತದೆ, ಅಂದರೆ ಎದುರು ದಿಕ್ಕು. ಅದಕ್ಕೇ ಕಳೆಯುವುದು. 2 ಮತ್ತು 4ರಲ್ಲಿ ಎರಡೂ ಒಂದೇ ದಿಕ್ಕು. ದಿನಾ ಬರುವ 3, 14, 19, 30 ಈ ನಾಲ್ಕನ್ನು ಬಾಯಿಪಾಠ ಮಾಡಿಕೊಂಡರೆ ಉಳಿದವನ್ನು ಅಕ್ಕಪಕ್ಕ ಎಣಿಸಿಕೊಳ್ಳಬಹುದು.

ಇನ್ನೊಂದು ಗೊಂದಲ. ಓಪನ್ ಡೆಂಟಲ್‌ನಲ್ಲಿ ಪದ್ಧತಿ ಬದಲಿಸುವ ಸೆಟ್ಟಿಂಗ್ ಇದೆ. ನಾನು ಎಫ್‌ಡಿಐ ಇಟ್ಟುಕೊಂಡೆ, ಪರದೆಯಲ್ಲಿ 36 ಅಂತ ತೋರಿಸಿತು. ಆಮೇಲೆ ಡೇಟಾಬೇಸ್‌ನಲ್ಲಿ ಕ್ವೆರಿ ಹಾಕಿ ನೋಡಿದರೆ ಅದೇ ಹಲ್ಲು 19! ಡೇಟಾ ಕೆಟ್ಟಿತು ಅಂತ ಹೆದರಿ ಒಂದು ಸಂಜೆ ಕಳೆದೆ. ಏನೂ ಕೆಟ್ಟಿರಲಿಲ್ಲ. ಸೆಟ್ಟಿಂಗ್ ಬದಲಿಸುವುದು ತೋರಿಸುವ ರೀತಿಯನ್ನು ಮಾತ್ರ. ಒಳಗೆ ಉಳಿಸುವುದು ಯಾವಾಗಲೂ ಯೂನಿವರ್ಸಲ್‌ನಲ್ಲೇ.

ಹಾಲುಹಲ್ಲಿಗೆ ಅವರಲ್ಲಿ ಅಕ್ಷರ: ಎ ಇಂದ ಟಿ ವರೆಗೆ. ನಮ್ಮ ಎಫ್‌ಡಿಐನ 55 ಅಂದರೆ ಅವರಿಗೆ ಎ, 65 ಜೆ, 75 ಕೆ, 85 ಟಿ. ಲೆಕ್ಕಕ್ಕಿಂತ ಜಾಸ್ತಿ ಹುಟ್ಟಿದ ಹಲ್ಲಿದ್ದರೆ ಪಕ್ಕದ ಹಲ್ಲಿನ ನಂಬರಿಗೆ 50 ಸೇರಿಸುತ್ತಾರೆ. 1ರ ಪಕ್ಕದ್ದು 51. ನಮ್ಮ ಕಣ್ಣಿಗೆ 51 ಅಂದರೆ ಮಗುವಿನ ಮುಂದಿನ ಹಾಲುಹಲ್ಲು, ಅಲ್ವಾ? ದೊಡ್ಡವರ ಚಾರ್ಟ್‌ನಲ್ಲಿ 51 ಕಂಡರೆ ಗಾಬರಿಯಾಗಬೇಡಿ.

ಎಡ ಬಲ ಯಾವಾಗಲೂ ಪೇಷಂಟ್‌ನದು. ಅವರ ಬಲ ಪರದೆಯ ಎಡಕ್ಕಿರುತ್ತದೆ. ಇದು ನಿಮಗೆ ಗೊತ್ತೇ ಇದೆ.

ಸ್ಟೇಟಸ್

ಚಾರ್ಟ್‌ನಲ್ಲಿ ಪ್ರತಿ ಚಿಕಿತ್ಸೆಗೂ ಒಂದು ಸ್ಟೇಟಸ್ ಹಾಕಬೇಕು. ಟಿಪಿ ಅಂದರೆ ಮಾಡಬೇಕಾದ್ದು, ಸಿ ಅಂದರೆ ನಾವು ಮಾಡಿ ಮುಗಿಸಿದ್ದು. ಇಸಿ ಅಂದರೆ ನಮ್ಮ ಕ್ಲಿನಿಕ್‌ನಲ್ಲೇ ಹಿಂದೆ ಆಗಿದ್ದು, ಇಓ ಅಂದರೆ ಬೇರೆ ಕಡೆ ಆಗಿದ್ದು. ಬೇರೆ ಡಾಕ್ಟರ್ ಯಾವಾಗಲೋ ಹಾಕಿದ ಫಿಲ್ಲಿಂಗನ್ನು ಸಿ ಅಂತ ಹಾಕಿದರೆ ಅದು ಈ ಪೇಷಂಟ್‌ನ ಲೆಕ್ಕದಲ್ಲಿ ಬಾಕಿಯಾಗಿ ಕೂರುತ್ತದೆ. ಮಾಡದ ಕೆಲಸಕ್ಕೆ ಒಬ್ಬರ ಕೈಗೆ ಬಿಲ್ ಹೋಗುತ್ತದೆ. ಇಓ ಹಾಕಿದರೆ ಚಾರ್ಟ್‌ನಲ್ಲಿ ಕಾಣುತ್ತದೆ, ಲೆಕ್ಕಕ್ಕೆ ಬರುವುದಿಲ್ಲ.

ಕೋಡ್, ರೀಕಾಲ್

ಡಿ ಇಂದ ಶುರುವಾಗುವ ಕೋಡ್‌ಗಳು ಅಮೆರಿಕನ್ ಡೆಂಟಲ್ ಅಸೋಸಿಯೇಷನ್‌ನವು. ಪ್ರತಿ ವರ್ಷ ಪರಿಷ್ಕರಿಸುತ್ತಾರೆ, ಜನವರಿ 1ರಿಂದ ಹೊಸ ಪಟ್ಟಿ ಜಾರಿ. ಹಳೆಯ ಪಟ್ಟಿ ಬಾಯಿಪಾಠ ಮಾಡಬೇಡಿ.

ರೀಕಾಲ್‌ನಲ್ಲಿ ಒಂದೇ ಎಚ್ಚರ. ದೊಡ್ಡವರ ಕ್ಲೀನಿಂಗ್ ಡಿ1110. ಕೆಲವು ಇನ್ಶೂರೆನ್ಸ್ ಪ್ಲಾನ್‌ಗಳು 'ವರ್ಷಕ್ಕೆ ಎರಡು' ಅನ್ನುತ್ತವೆ, ಕೆಲವು 'ಆರು ತಿಂಗಳಿಗೆ ಒಂದು'. ಎರಡನೇ ಥರದ ಪ್ಲಾನ್‌ನಲ್ಲಿ ಹಿಂದಿನದು ಮಾರ್ಚ್ 10ಕ್ಕೆ ಆಗಿದ್ದು, ಸೆಪ್ಟೆಂಬರ್ 8ಕ್ಕೆ ಕರೆದರೆ ಎರಡು ದಿನದ ಕಾರಣಕ್ಕೆ ಕ್ಲೇಮ್ ವಾಪಸ್ ಬರಬಹುದು. ಅದಕ್ಕೇ ನಾನು ರೀಕಾಲ್ ಅವಧಿಯನ್ನು ಆರು ತಿಂಗಳು ಒಂದು ದಿನ ಅಂತ ಇಡುತ್ತೇನೆ.