ಘಾಟಿ ಇಳಿಸುವ ಗೇರ್

ಟ್ರೇಲರ್ ಲಾರಿ ಕೊಳ್ಳಲು ಹೊರಟವರೆಲ್ಲ ಮೊದಲು ಕೇಳುವುದು ‘ಎಷ್ಟು ಹಾರ್ಸ್‌ಪವರ್?’ ಎಂದು. ಗೇರ್‌ಬಾಕ್ಸಿನ ಮಾತು ಬಂದರೂ ಅದು ಎಷ್ಟು ಭಾರ ಎಳೆಯುತ್ತದೆ ಎಂಬಲ್ಲಿಗೆ ನಿಲ್ಲುತ್ತದೆ. ಭಾರ ಏರಿಸುವುದು ಅಂಥ ದೊಡ್ಡ ಸಂಗತಿಯಲ್ಲ. ಎಂಜಿನ್ ಸಾಲದಿದ್ದರೆ ಲಾರಿ ತೆವಳುತ್ತದೆ, ಹಿಂದಿನವರು ಹಾರ್ನ್ ಹೊಡೆಯುತ್ತಾರೆ, ಅಷ್ಟೇ. ಕಷ್ಟವಿರುವುದು ಇಳಿಸುವುದರಲ್ಲಿ.

2018ರಲ್ಲಿ ತೂಕದ ಮಿತಿ ಏರಿಸಿದ ಮೇಲೆ ನಮ್ಮ ಹೆದ್ದಾರಿಗಳಲ್ಲಿ ಟ್ರೇಲರ್ ಸಮೇತ 55 ಟನ್‌ವರೆಗೆ ಒಯ್ಯಲು ಅವಕಾಶವಿದೆ. ಅಂಥದ್ದೊಂದು ಲಾರಿ ನೂರು ಮೀಟರಿಗೆ ಆರು ಮೀಟರ್ ಇಳಿಯುವ ರಸ್ತೆಯಲ್ಲಿ ಗಂಟೆಗೆ 30 ಕಿ.ಮೀ. ವೇಗದಲ್ಲಿ ಬರುತ್ತಿದೆ ಎನ್ನಿ. ಸೆಕೆಂಡಿಗೆ ಅರ್ಧ ಮೀಟರ್ ಕೆಳಗಿಳಿಯುತ್ತಾ ಅದು ಸುಮಾರು 270 ಕಿಲೋವ್ಯಾಟ್ ಹೊರಗೆಡಹುತ್ತದೆ. ಟೈರು, ಗಾಳಿ ಸೇರಿ ಮೂವತ್ತನ್ನು ನುಂಗಿದರೂ ಉಳಿದ 240 ಎಲ್ಲಿಗಾದರೂ ಹೋಗಲೇಬೇಕು. ಎರಡು ಕಿಲೋವ್ಯಾಟಿನ 120 ಗೀಸರ್‌ಗಳನ್ನು ಒಟ್ಟಿಗೆ ಹಚ್ಚಿಟ್ಟಷ್ಟು ಶಾಖ ಅದು, ಇಳಿಜಾರು ಮುಗಿಯುವವರೆಗೂ.

ಇದನ್ನೆಲ್ಲ ಬ್ರೇಕಿನ ಮೇಲೆಯೇ ಹೇರಿದರೆ ಚಕ್ರದೊಂದಿಗೆ ತಿರುಗುವ ಡ್ರಮ್ ಕಾದು ಹಿಗ್ಗಿ, ಅದನ್ನು ಒಳಗಿನಿಂದ ಒತ್ತಿ ಹಿಡಿಯುವ ಲೈನಿಂಗ್‌ನಿಂದ ದೂರ ಸರಿಯುತ್ತದೆ, ಲೈನಿಂಗ್‌ನ ಹಿಡಿತವೂ ಕುಗ್ಗುತ್ತದೆ. ಪೆಡಲ್ ಪೂರ್ತಿ ಒತ್ತಿದರೂ ಲಾರಿ ನಿಲ್ಲದು. ಮರುದಿನ ಪತ್ರಿಕೆಯಲ್ಲಿ ‘ಬ್ರೇಕ್ ವೈಫಲ್ಯ’, ಆ ತಿರುವಿನಲ್ಲೇ ಏನೋ ದೋಷವಿದೆ ಎಂದು ಊರ ಮಾತು, ಮುಂದಿನ ಲಾರಿಯ ಬಂಪರಿಗೆ ಇನ್ನೊಂದು ನಿಂಬೆಹಣ್ಣು. ನಿಂಬೆಹಣ್ಣಿನ ಮೇಲೆ ನನಗೆ ಸಿಟ್ಟಿಲ್ಲ. ಅದನ್ನು ಕಟ್ಟಿದ ಕೈಯೇ ಇಳಿಜಾರು ಸಿಕ್ಕ ಕೂಡಲೇ ಗೇರನ್ನು ನ್ಯೂಟ್ರಲ್‌ಗೆ ತಳ್ಳುತ್ತದಲ್ಲ, ಅದಕ್ಕೆ ಸಿಟ್ಟು.

ಬೆಂಗಳೂರು–ಮುಂಬೈ ಹೆದ್ದಾರಿಯಲ್ಲಿ ಪುಣೆಯ ಕಾತ್ರಜ್ ಹೊಸ ಸುರಂಗದಿಂದ ನವಲೆ ಸೇತುವೆಯತ್ತ ಇಳಿಯುವ ರಸ್ತೆ ಇದಕ್ಕೇ ಕುಖ್ಯಾತ. ನ್ಯೂಟ್ರಲ್ ಮಾಡಬೇಡಿ ಎಂದು ಪೊಲೀಸರು ಎಷ್ಟು ಹೇಳಿದರೂ ಡೀಸೆಲ್ ಉಳಿಯುತ್ತದೆ ಎಂಬ ನಂಬಿಕೆ ಹೋಗದು. ಆ ಉಳಿತಾಯವೇ ಸುಳ್ಳು. ಗೇರಿನಲ್ಲಿದ್ದು ಆಕ್ಸಿಲರೇಟರಿನಿಂದ ಕಾಲು ತೆಗೆದರೆ ಚಕ್ರಗಳೇ ಎಂಜಿನ್ನನ್ನು ತಿರುಗಿಸುತ್ತವೆ, ಡೀಸೆಲ್ ಪೂರೈಕೆ ನಿಲ್ಲುತ್ತದೆ. ನ್ಯೂಟ್ರಲ್‌ನಲ್ಲಾದರೆ ಎಂಜಿನ್ ಆರದಂತೆ ಡೀಸೆಲ್ ಉರಿಯುತ್ತಲೇ ಇರಬೇಕು. ಸಾಲದ್ದಕ್ಕೆ, ಏರ್ ಬ್ರೇಕಿಗೆ ಗಾಳಿ ತುಂಬುವ ಕಂಪ್ರೆಸರ್ ಓಡುವುದೂ ಎಂಜಿನ್ನಿನಿಂದಲೇ. ನ್ಯೂಟ್ರಲ್‌ನಲ್ಲಿ ಎಂಜಿನ್ ಮೆಲ್ಲಗೆ ತಿರುಗುವುದರಿಂದ, ಬ್ರೇಕನ್ನು ಮತ್ತೆ ಮತ್ತೆ ಒತ್ತುವ ಹೊತ್ತಿನಲ್ಲೇ ಗಾಳಿ ನಿಧಾನವಾಗಿ ತುಂಬುತ್ತದೆ.

ಗಾಬರಿಯಾಗಿ ಮತ್ತೆ ಗೇರ್ ಹಾಕಲು ಹೋದರೆ? ಗೇರ್ ಕೂಡಬೇಕಾದರೆ ಬಾಕ್ಸಿನೊಳಗೆ ಎಂಜಿನ್ ಕಡೆಯ ಭಾಗವೂ ಚಕ್ರದ ಕಡೆಯ ಭಾಗವೂ ಸಮವೇಗಕ್ಕೆ ಬರಬೇಕು. ಆ ಹೊಂದಾಣಿಕೆಯ ಹೊಣೆ ಸಿಂಕ್ರೊನೈಸರ್ ಎಂಬ ಪುಟ್ಟ ಉಂಗುರದ್ದು. ಗೇರಿನ ಅನುಪಾತ, ಅಂದರೆ ಹೊರಹೋಗುವ ಒಂದು ಸುತ್ತಿಗೆ ಒಳಬರಬೇಕಾದ ಸುತ್ತು, 2.5, ಹಿಂದಿನ ಆಕ್ಸಲ್ಲಿನದು 6, ಟೈರಿನ ಸುತ್ತಳತೆ 3.2 ಮೀಟರ್ ಎಂದುಕೊಳ್ಳಿ. 30 ಕಿ.ಮೀ. ವೇಗದಲ್ಲಿ ಎಂಜಿನ್ ನಿಮಿಷಕ್ಕೆ ಸುಮಾರು 2,300 ಸುತ್ತು ತಿರುಗಬೇಕು, ತಿರುಗುತ್ತದೆ. ಲಾರಿ 60ಕ್ಕೆ ಮುಟ್ಟಿದ್ದರೆ ಬೇಕಾಗುವುದು 4,700. ದೊಡ್ಡ ಡೀಸೆಲ್ ಎಂಜಿನ್ನಿಗೆ ಅದು ಕನಸಿನ ಮಾತು. ಚಾಲಕ ಕ್ಲಚ್ ಒತ್ತಿ ಲಿವರ್ ತಳ್ಳುತ್ತಾನೆ, ಕರಕರ ಸದ್ದಾಗಿ ಲಿವರ್ ಅಂಗೈಗೆ ಒದೆಯುತ್ತದೆ, ಅಷ್ಟರಲ್ಲಿ ವೇಗ 65. ಹಾಗಾಗಿ ಗೇರ್ ಇಳಿಸುವುದು ಇಳಿಜಾರಿಗೆ ಮೊದಲೇ ಆಗಬೇಕು. ಅದೇ ರಸ್ತೆಯನ್ನು ಏರಲು ಬೇಕಾಗುವ ಗೇರ್, ಇಲ್ಲವೇ ಅದಕ್ಕಿಂತ ಒಂದು ಕೆಳಗಿನದು.

ಗೇರ್ ಹಾಕಿದ ಮಾತ್ರಕ್ಕೆ ಡೀಸೆಲ್ ಎಂಜಿನ್ ಬಹಳವೇನೂ ತಡೆಯುವುದಿಲ್ಲ. ಒಳಗೆ ಒತ್ತಿಟ್ಟ ಗಾಳಿ ಪಿಸ್ಟನ್ನನ್ನು ಮತ್ತೆ ಕೆಳಕ್ಕೆ ತಳ್ಳಿ ಶಕ್ತಿಯನ್ನು ಹಿಂದಿರುಗಿಸಿಬಿಡುತ್ತದೆ. ಇದರ ಬಿಸಿ ಉಂಡವನು ಕಮ್ಮಿನ್ಸ್ ಎಂಜಿನ್ ಕಂಪನಿಯ ಸ್ಥಾಪಕ ಕ್ಲೆಸಿ ಕಮ್ಮಿನ್ಸ್. 1931ರಲ್ಲಿ ತನ್ನದೇ ಎಂಜಿನ್ನಿನ ಲಾರಿಯಲ್ಲಿ ಕ್ಯಾಲಿಫೋರ್ನಿಯಾದ ಕಹೋನ್ ಕಣಿವೆ ಇಳಿಯುವಾಗ ಬ್ರೇಕ್ ಕೈಕೊಟ್ಟು, ರೈಲ್ವೆ ಕ್ರಾಸಿಂಗಿನಲ್ಲಿ ಗೂಡ್ಸ್ ರೈಲಿಗೆ ಬಡಿಯುವುದು ಕೂದಲೆಳೆಯಲ್ಲಿ ತಪ್ಪಿತು. ಪಿಸ್ಟನ್ ಮೇಲ್ತುದಿಗೆ ಬರುವ ಹೊತ್ತಿಗೆ ಎಕ್ಸಾಸ್ಟ್ ಕವಾಟ ತೆರೆದು ಒತ್ತಿದ ಗಾಳಿಯನ್ನು ಹೊರಬಿಡುವ ಬ್ರೇಕನ್ನು ಆತ ರೂಪಿಸಿದ್ದು ನಿವೃತ್ತನಾದ ಮೇಲೆ. 1961ರಲ್ಲಿ ಜೇಕಬ್ಸ್ ಕಂಪನಿ ಅದನ್ನು ಮಾರುಕಟ್ಟೆಗೆ ತಂದಿತು. ನಮ್ಮಲ್ಲಿ ಬಹಳ ಕಾಲದಿಂದ ಬಳಕೆಯಲ್ಲಿರುವುದು ಹೊಗೆ ಕೊಳವೆಯನ್ನೇ ಮುಚ್ಚುವ ಸರಳ ಎಕ್ಸಾಸ್ಟ್ ಬ್ರೇಕ್. ಎಂಜಿನ್ ಜೋರಾಗಿ ತಿರುಗಿದಾಗಲೇ ಎರಡೂ ಚೆನ್ನಾಗಿ ಹಿಡಿಯುವುದು, ಹಾಗೆ ತಿರುಗಿಸುವುದು ಕೆಳಗಿನ ಗೇರ್.

ಆದ್ದರಿಂದ ಘಾಟಿ ರಸ್ತೆಗೆ ಗೇರ್‌ಬಾಕ್ಸ್ ಆರಿಸುವವರು ಗೇರುಗಳ ನಡುವಿನ ಅಂತರ ನೋಡಬೇಕು. ಅಂತರ ದೊಡ್ಡದಾದರೆ ಒಂದು ಗೇರಿನಲ್ಲಿ ಎಂಜಿನ್ ಚೀರುತ್ತದೆ, ಅದರ ಮೇಲಿನದು ಲಾರಿಯನ್ನು ಹಿಡಿಯುವುದೇ ಇಲ್ಲ. ಒಂಬತ್ತು ಗೇರಿನ ಬಾಕ್ಸಿನಲ್ಲಿ ನಾಲ್ಕೇ ಗೇರುಗಳು ಲೋ, ಹೈ ಎಂದು ಎರಡು ಸಲ ಬಳಕೆಯಾಗುತ್ತವೆ, ಜೊತೆಗೆ ಎಲ್ಲಕ್ಕಿಂತ ಕೆಳಗಿನ, ತೆವಳುವ ವೇಗದ ಗೇರ್ ಒಂದು, ಕ್ರಾಲರ್. ಈ ಕ್ರಾಲರನ್ನು ಮುಟ್ಟದೆ ಎರಡನೇ ಗೇರಿನಲ್ಲೇ ಲೋಡ್ ಲಾರಿ ಎಬ್ಬಿಸುವ ಶೂರರಿದ್ದಾರೆ. ಸಮತಟ್ಟು ರಸ್ತೆಯಲ್ಲಿ ಹೊರಡುವಾಗ ಜಾರುವ ಕ್ಲಚ್ಚಿನಲ್ಲಿ ಹುಟ್ಟುವ ಶಾಖ, ಕ್ಲಚ್ ಪೂರ್ತಿ ಕಚ್ಚುವ ಹೊತ್ತಿಗೆ ಲಾರಿ ಗಳಿಸಿದ ಚಲನಶಕ್ತಿಯಷ್ಟೇ ಇರುತ್ತದೆ. ಅನುಪಾತ ಅರ್ಧವಾದರೆ ಆ ವೇಗ ಇಮ್ಮಡಿ, ಶಾಖ ನಾಲ್ಕು ಪಟ್ಟು. ಏರಿನಲ್ಲಿ ಇನ್ನೂ ಹೆಚ್ಚು. ಕ್ಯಾಬಿನ್ನಿಗೆ ಬರುವ ಸುಟ್ಟ ವಾಸನೆ ಇದರದ್ದೇ.

ಈಗ ತಾನಾಗಿಯೇ ಗೇರ್ ಬದಲಿಸುವ ಎಎಂಟಿ ಲಾರಿಗಳೂ ಬಂದಿವೆ. ಕ್ಲಚ್ಚನ್ನು ಅವು ಮನುಷ್ಯನಿಗಿಂತ ನಾಜೂಕಾಗಿ ಬಿಡುತ್ತವೆ. ಆದರೆ ಸಾಮಾನ್ಯ ಎಎಂಟಿಗೆ ತಿರುವಿನಾಚೆಯ ಇಳಿಜಾರು ಕಾಣುವುದಿಲ್ಲ, ಅಲ್ಲಿ ಮ್ಯಾನುಯಲ್‌ಗೆ ತಂದು ಗೇರ್ ಇಳಿಸುವ ಕೆಲಸ ಈಗಲೂ ಚಾಲಕನದೇ.