ನೆಲ್ಲಿನ ಹೊಟ್ಟು, ಕಣ್ಣಿನ ಹುಣ್ಣು: 1879ರಿಂದ ಇಲ್ಲಿವರೆಗೆ

ತುಂಗಭದ್ರಾ ಎಡದಂಡೆಯ ಗಂಗಾವತಿ, ಕಾರಟಗಿ, ಸಿಂಧನೂರು, ಮಾನ್ವಿ ಸೀಮೆಯಲ್ಲೂ ಹೊಳೆಯಾಚೆಯ ಕಂಪ್ಲಿ, ಸಿರುಗುಪ್ಪದ ಕಡೆಯಲ್ಲೂ ನೀರು ಸಾಕಷ್ಟು ಸಿಕ್ಕ ವರ್ಷ ನೆಲ್ಲು ಎರಡು ಸಲ ಕೊಯ್ಲಿಗೆ ಬರುತ್ತದೆ. ಮುಂಗಾರಿನದು ನವೆಂಬರ್, ಡಿಸೆಂಬರ್ ಹೊತ್ತಿಗೆ, ಬೇಸಿಗೆಯದು ಏಪ್ರಿಲ್, ಮೇ ಹೊತ್ತಿಗೆ. ಹಾರ್ವೆಸ್ಟರ್ ಹಿಂದೆ ಏಳುವ ದೂಳು, ರಾಶಿ ತೂರುವಾಗ ಹಾರುವ ಸುಂಕು, ಕಳೆ ಕೀಳಲು ಬಗ್ಗಿದವರ ಕಣ್ಣಿಗೆ ಗೀರುವ ಗರಿ, ರೈಸ್ ಮಿಲ್ಲಿನ ಹೊಟ್ಟು ಎಲ್ಲವೂ ಒಂದೇ ಕಡೆ ತಾಗುತ್ತವೆ: ಕರಿಗುಡ್ಡೆಯನ್ನು ಮುಚ್ಚಿರುವ ಗಾಜಿನಂಥ ಪದರಕ್ಕೆ, ಅಂದರೆ ಕಾರ್ನಿಯಾಕ್ಕೆ. ಅದರ ನಡುಭಾಗದ ದಪ್ಪ ಅರ್ಧ ಮಿಲಿಮೀಟರಿನಷ್ಟೇ. ಮೇಲ್ಪದರ ಗಟ್ಟಿಯಾಗಿರುವವರೆಗೆ ಮಣ್ಣಿನಲ್ಲೂ ಹುಲ್ಲಿನಲ್ಲೂ ಇರುವ ಫಂಗಸ್, ಅಂದರೆ ಬೂಷ್ಟು, ಒಳಗೆ ಹೋಗಲಾರದು. ಒಂದು ಗೀರು ಬಿದ್ದರೆ ಸಾಕು, ಅದೇ ಹೊಟ್ಟಿನ ಜೊತೆ ಬಂದ ಬೀಜಕಣ ಅಲ್ಲಿ ಬೇರೂರಿ, ಎಳೆ ಬಿಡುತ್ತ ಆಳಕ್ಕೆ ಇಳಿಯುತ್ತದೆ.

ಫಂಗಸ್ಸಿನಿಂದಾಗುವ ಈ ಕಣ್ಣಿನ ಹುಣ್ಣನ್ನು ವೈದ್ಯಲೋಕ ಮೊದಲು ಗುರುತಿಸಿದ್ದೂ ಒಬ್ಬ ರೈತನ ಕಣ್ಣಿನಲ್ಲಿಯೇ. 1879ರಲ್ಲಿ ಜರ್ಮನಿಯ ಥಿಯೋಡರ್ ಲೇಬರ್ ಎಂಬ ನೇತ್ರವೈದ್ಯ, ಓಟ್ಸ್ ಒಕ್ಕುವಾಗ ಹೊಟ್ಟು ಸಿಡಿದು ಕಣ್ಣು ಹುಣ್ಣಾದ ರೈತನ ಕಾರ್ನಿಯಾದಲ್ಲಿ ಆಸ್ಪರ್ಜಿಲಸ್ ಎಂಬ ಬೂಷ್ಟು ಬೆಳೆದಿರುವುದನ್ನು ಬರೆದಿಟ್ಟರು. ಬೆಳೆ ಬೇರೆ, ನಾಡು ಬೇರೆ, ಆದರೆ ಗಾಯವಾಗುವ ರೀತಿ ಇವತ್ತು ಕಾರಟಗಿಯ ಕಣದಲ್ಲಿ ನಡೆಯುವುದೇ.

ಆಮೇಲೆ ಎಪ್ಪತ್ತು ವರ್ಷ ಇದೊಂದು ಅಪರೂಪದ ಕಾಯಿಲೆ ಎಂದೇ ಪುಸ್ತಕಗಳಲ್ಲಿ ಉಳಿಯಿತು. 1950ರ ದಶಕದಲ್ಲಿ ಸ್ಟೀರಾಯ್ಡ್ ಕಣ್ಣಿನ ಹನಿಗಳು ಬಳಕೆಗೆ ಬಂದ ಮೇಲೆ ಫಂಗಸ್ ಹುಣ್ಣಿನ ವರದಿಗಳು ಏರತೊಡಗಿದವು. ಸ್ಟೀರಾಯ್ಡ್ ಉರಿಯೂತವನ್ನು ಇಳಿಸುತ್ತದೆ, ಕೆಂಪು ಹೋಗುತ್ತದೆ, ಎರಡು ದಿನ ಹಾಯೆನಿಸುತ್ತದೆ. ಉರಿಯೂತ ಎಂದರೆ ಫಂಗಸ್ಸನ್ನು ತಡೆದು ನಿಲ್ಲಿಸುವ ದೇಹದ ಹೋರಾಟವೂ ಹೌದು. ಅದನ್ನು ಅಡಗಿಸಿದಾಗ ಎಳೆಗಳು ಎದುರಾಳಿಯಿಲ್ಲದೆ ಆಳಕ್ಕೆ ಹೋಗುತ್ತವೆ. ಇವತ್ತಿಗೂ ನಮ್ಮ ಕೊಪ್ಪಳ, ರಾಯಚೂರು, ಬಳ್ಳಾರಿ ಜಿಲ್ಲೆಗಳಲ್ಲಿ ಕಣ್ಣು ಕೆಂಪಾದ ಕೂಡಲೇ ಮೆಡಿಕಲ್ ಶಾಪಿನಲ್ಲಿ "ಒಂದು ಡ್ರಾಪ್ಸ್ ಕೊಡ್ರಿ" ಎಂದು ಕೇಳಿ ತರುವ ಬಾಟಲಿಯ ಮೇಲೆ ಡೆಕ್ಸಾಮೆಥಾಸೋನ್, ಬೀಟಾಮೆಥಾಸೋನ್, ಪ್ರೆಡ್ನಿಸೊಲೋನ್ ಎಂಬ ಹೆಸರಿದ್ದರೆ ಅದು ಸ್ಟೀರಾಯ್ಡ್. ಆಂಟಿಬಯಾಟಿಕ್ ಹೆಸರಿನ ಪಕ್ಕದಲ್ಲಿ ಸಣ್ಣಕ್ಷರದಲ್ಲಿ ಇದ್ದರೂ ಅದು ಸ್ಟೀರಾಯ್ಡೇ. ಸೊಪ್ಪುಕಸ ತಾಗಿದ ಕಣ್ಣಿಗೆ, ಡಾಕ್ಟರು ಸ್ಲಿಟ್ ಲ್ಯಾಂಪಿನಲ್ಲಿ (ಕಣ್ಣನ್ನು ದೊಡ್ಡದಾಗಿ ತೋರಿಸುವ ದೀಪದ ಯಂತ್ರದಲ್ಲಿ) ನೋಡದೆ, ಅದನ್ನು ಹಾಕಲೇಬಾರದು.

ಮದ್ದು ಸಿಕ್ಕಿದ್ದೂ ಅದೇ ದಶಕದಲ್ಲಿ. 1955ರಲ್ಲಿ ದಕ್ಷಿಣ ಆಫ್ರಿಕಾದ ನಟಾಲ್ ಪ್ರಾಂತದ ಮಣ್ಣಿನಲ್ಲಿದ್ದ ಒಂದು ಸೂಕ್ಷ್ಮಜೀವಿಯಿಂದ ನಟಾಮೈಸಿನ್ ಹೊರಬಂತು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಕಣ್ಣಿನ ಹನಿಯಾಗಿ ಇದಕ್ಕೆ ಒಪ್ಪಿಗೆ ಕೊಟ್ಟದ್ದು 1978ರಲ್ಲಿ. ಇದು ನೀರಿನಲ್ಲಿ ಕರಗುವುದಿಲ್ಲ. ಬಿಳಿ ಪುಡಿ ತೇಲುವ ಶೇ 5ರ ದ್ರವವಾಗಿ ಬರುತ್ತದೆ, ಕಾರ್ನಿಯಾದ ಆಳಕ್ಕೆ ಚೆನ್ನಾಗಿ ಇಳಿಯುವುದೂ ಇಲ್ಲ. ಹಾಗಾಗಿ ಇದಕ್ಕಿಂತ ಒಳ್ಳೆಯದು ಬೇಗ ಬರುತ್ತದೆ ಎಂದು ಎಲ್ಲರೂ ಕಾದರು.

ಈ ನಡುವೆ ನಮ್ಮಲ್ಲಿ ನೆಲವೇ ಬದಲಾಯಿತು. 1953ರಲ್ಲಿ ತುಂಗಭದ್ರಾ ಕಾಲುವೆಗೆ ನೀರು ಹರಿಯಿತು. ಎಡದಂಡೆಯ ಬಹುಪಾಲು ನೆಲವನ್ನು ಕಡಿಮೆ ನೀರಿನ ಅರೆನೀರಾವರಿ ಬೆಳೆಗೆಂದು ಗುರುತಿಸಿದ್ದರು. ಆದರೆ ಕರಾವಳಿ ಆಂಧ್ರದಿಂದ ಬಂದು ಕ್ಯಾಂಪ್‌ಗಳನ್ನು ಕಟ್ಟಿಕೊಂಡವರೂ ಅವರನ್ನು ನೋಡಿ ಕಲಿತ ಊರವರೂ ನೆಲ್ಲನ್ನೇ ಹಚ್ಚಿದರು. ಜೋಳ, ಹತ್ತಿಯ ಸೀಮೆ ಕೆಸರುಗದ್ದೆಯಾಯಿತು. ಜೋಳದ ಹೊಲದಲ್ಲೂ ಸುಂಕು ಇತ್ತು, ಗಾಯವೂ ಇತ್ತು. ನಿಂತ ನೀರು, ಕೊಳೆಯುವ ಹುಲ್ಲು ಮತ್ತು ವರ್ಷಕ್ಕೆರಡು ಕೊಯ್ಲು ಮಾತ್ರ ಕಾಲುವೆಯೊಂದಿಗೆ ಬಂದವು.

ಭಾರತದಲ್ಲಿ ಕಾರ್ನಿಯಾದ ಕುರುಡಿಗೆ ಹಿಂದೆ ಟ್ರಕೋಮಾ (ರೆಪ್ಪೆಯ ಒಳಗಿನ ಬ್ಯಾಕ್ಟೀರಿಯಾ ಸೋಂಕು) ಮತ್ತು ವಿಟಮಿನ್ ಎ ಕೊರತೆ ದೊಡ್ಡ ಕಾರಣಗಳಾಗಿದ್ದವು. ಮಕ್ಕಳಿಗೆ ವಿಟಮಿನ್ ಎ ಕೊಡುವ ರಾಷ್ಟ್ರೀಯ ಕಾರ್ಯಕ್ರಮ 1970ರಲ್ಲಿ ಶುರುವಾಯಿತು. ಟ್ರಕೋಮಾವನ್ನು ಸಾರ್ವಜನಿಕ ಆರೋಗ್ಯ ಸಮಸ್ಯೆಯಾಗಿ ಭಾರತ ನಿವಾರಿಸಿದೆ ಎಂದು ವಿಶ್ವ ಆರೋಗ್ಯ ಸಂಸ್ಥೆ 2024ರ ಅಕ್ಟೋಬರಿನಲ್ಲಿ ಘೋಷಿಸಿತು. ಅವೆರಡೂ ಹಿಂದೆ ಸರಿದಷ್ಟೂ ಗಾಯದ ಹುಣ್ಣು ಮುಂದೆ ಕಾಣತೊಡಗಿತು. 2015ರಿಂದ 2019ರವರೆಗಿನ ರಾಷ್ಟ್ರೀಯ ಅಂಧತ್ವ ಸಮೀಕ್ಷೆಯಲ್ಲಿ 50 ದಾಟಿದವರ ಕುರುಡಿಗೆ ಪೊರೆಯೇ ಮೊದಲ ಕಾರಣ. 50ರೊಳಗಿನವರಲ್ಲಿ ಮೊದಲ ಕಾರಣ ಕಾರ್ನಿಯಾದ ಕಲೆ. ಅದು ದುಡಿಯುವ ವಯಸ್ಸು ಎಂಬುದೇ ಇಲ್ಲಿ ಎದೆಗೆ ನಾಟುವ ಮಾತು.

ಎಷ್ಟು ಜನರಿಗೆ ಹೀಗಾಗುತ್ತದೆ ಎಂದು ದಕ್ಷಿಣ ಭಾರತದಲ್ಲಿ ಮೊದಲು ಲೆಕ್ಕ ಹಾಕಿದವರು ಮದುರೈನ ಅರವಿಂದ ಕಣ್ಣಾಸ್ಪತ್ರೆಯ ಎಂ. ಶ್ರೀನಿವಾಸನ್ ಮತ್ತು ಅವರ ಅಮೆರಿಕದ ಸಹೋದ್ಯೋಗಿಗಳು. 1996ರ ಅವರ ಅಂದಾಜಿನಂತೆ ಮದುರೈ ಜಿಲ್ಲೆಯಲ್ಲಿ ವರ್ಷಕ್ಕೆ 10,000 ಜನರಲ್ಲಿ 11 ಮಂದಿಗೆ ಕಾರ್ನಿಯಾದ ಹುಣ್ಣು. ಮರುವರ್ಷದ ಅಧ್ಯಯನದಲ್ಲಿ ಬ್ಯಾಕ್ಟೀರಿಯಾದ್ದೂ ಫಂಗಸ್ಸಿನದೂ ಹೆಚ್ಚುಕಡಿಮೆ ಸಮಪಾಲು. ಚಳಿದೇಶಗಳ ಪಠ್ಯಪುಸ್ತಕ ಓದಿ, ಹುಣ್ಣೆಂದರೆ ಬ್ಯಾಕ್ಟೀರಿಯಾ ಎಂದು ಆಂಟಿಬಯಾಟಿಕ್ ಬರೆಯುತ್ತಿದ್ದ ರೂಢಿ ಇಲ್ಲಿ ಅರ್ಧ ರೋಗಿಗಳಿಗೆ ತಪ್ಪು ಮದ್ದು ಎಂದಾಯಿತು.

ಇಡೀ ಚರಿತ್ರೆಯಲ್ಲಿ ಹಳ್ಳಿಗೆ ಎಲ್ಲಕ್ಕಿಂತ ಬೆಲೆಬಾಳುವ ಫಲಿತಾಂಶ 2001ರಲ್ಲಿ ನೇಪಾಳದ ಭಕ್ತಪುರದಿಂದ ಬಂತು. ಅಲ್ಲಿ ಹಳ್ಳಿಯ ಆರೋಗ್ಯ ಕಾರ್ಯಕರ್ತರು ಕಣ್ಣಿಗೆ ಗೀರು ಬಿದ್ದ 442 ಮಂದಿಗೆ ಶೇ 1ರ ಕ್ಲೋರಾಂಫೆನಿಕಾಲ್ ಎಂಬ ಆಂಟಿಬಯಾಟಿಕ್ ಮುಲಾಮನ್ನು ದಿನಕ್ಕೆ 3 ಸಲ, 3 ದಿನ ಹಚ್ಚಿದರು. ಶೇ 96ರಷ್ಟು ಜನರಲ್ಲಿ ಗಾಯ ಸೋಂಕಿಲ್ಲದೆ ಮಾಯಿತು. ಗಾಯವಾಗಿ 18 ಗಂಟೆಯೊಳಗೆ ಮುಲಾಮು ಹಚ್ಚಿಸಿಕೊಂಡವರಲ್ಲಿ ಒಬ್ಬರಿಗೂ ಹುಣ್ಣಾಗಲಿಲ್ಲ. ಒಂದು ದಿನ ಕಳೆದು ಎರಡನೆಯ ದಿನದೊಳಗೆ ಬಂದವರಲ್ಲಿ ಕಾಲುಭಾಗಕ್ಕಿಂತ ಹೆಚ್ಚು ಜನರಿಗೆ ಹುಣ್ಣಾಗಿತ್ತು. ಬ್ಯಾಕ್ಟೀರಿಯಾದ ಮುಲಾಮು ಫಂಗಸ್ ಹುಣ್ಣನ್ನು ತಡೆದೀತೇ ಎಂಬ ಅನುಮಾನಕ್ಕೆ 2006ರಲ್ಲಿ ಮದುರೈ ಬಳಿಯ ಹಳ್ಳಿಗಳ ಅಧ್ಯಯನ ಉತ್ತರ ಕೊಟ್ಟಿತು: ಜೊತೆಗೆ ಫಂಗಸ್ಸಿನ ಮುಲಾಮು ಸೇರಿಸಿದರೂ ಸೇರಿಸದಿದ್ದರೂ ಫಲಿತಾಂಶ ಒಂದೇ. ಗೀರು ಬೇಗ ಮುಚ್ಚಿಕೊಂಡರೆ ಫಂಗಸ್ಸಿಗೆ ಒಳದಾರಿಯೇ ಇರುವುದಿಲ್ಲ ಎಂಬುದು ಒಂದು ವಿವರಣೆ.

ಇಲ್ಲಿಗೆ ಕಥೆ ಮುಗಿಯಬೇಕಿತ್ತು, ಮುಗಿಯಲಿಲ್ಲ. ಇದೇ ಉಪಾಯವನ್ನು ನೇಪಾಳದ ಹಲವು ಹಳ್ಳಿಗಳಲ್ಲಿ 3 ವರ್ಷ ನಡೆಸಿ, ಕಾರ್ಯಕ್ರಮವಿಲ್ಲದ ಹಳ್ಳಿಗಳ ಜೊತೆ ಹೋಲಿಸಿ ನೋಡಿದರು. 2022ರಲ್ಲಿ ಬಂದ ಫಲಿತಾಂಶ: ಹುಣ್ಣಿನ ಪ್ರಮಾಣದಲ್ಲಿ ವ್ಯತ್ಯಾಸವಿಲ್ಲ. ಮುಲಾಮು ಸೋತಿತೆಂದು ಇದನ್ನು ಓದುವುದು ಸರಿಯಲ್ಲ ಎಂಬುದು ನಮ್ಮ ಅಭಿಪ್ರಾಯ. ಹಳ್ಳಿಗೆ ಮುಲಾಮು ತಲುಪಿಸುವುದು ಒಂದು ಕೆಲಸ, ಗಾಯವಾದ ಪ್ರತಿಯೊಬ್ಬರೂ ಅದೇ ದಿನ ಅದನ್ನು ಕೇಳಿಕೊಂಡು ಬರುವಂತೆ ಮಾಡುವುದು ಬೇರೆ ಕೆಲಸ. ಕೊಯ್ಲಿನ ಹೊತ್ತಿನಲ್ಲಿ ದಿನಗೂಲಿ ಬಿಟ್ಟು ಆಸ್ಪತ್ರೆಗೆ ಹೋಗುವುದು ಎಷ್ಟು ಕಷ್ಟ ಎಂದು ಸಿಂಧನೂರಿನ ಯಾವ ಕೂಲಿ ಹೆಣ್ಣುಮಗಳನ್ನು ಕೇಳಿದರೂ ಹೇಳುತ್ತಾಳೆ. ಅದಕ್ಕೇ ಕಸ ಬಿದ್ದಾಗ ಪಕ್ಕದವರಿಂದ ನಾಲಿಗೆಯಲ್ಲಿ ತೆಗೆಸುವುದು, ಎದೆಹಾಲು ಹಿಂಡುವುದು, ಹರಳೆಣ್ಣೆ ಬಿಡುವುದು, ಸೊಪ್ಪಿನ ರಸ ಹಾಕುವುದು ಇನ್ನೂ ನಡೆದಿದೆ. ಒಂದೊಂದೂ ತೆರೆದ ಗಾಯಕ್ಕೆ ಹೊಸ ಸೂಕ್ಷ್ಮಜೀವಿಗಳನ್ನು ಕೂಡಿಸುತ್ತದೆ.

ಮಾಡಬೇಕಾದ್ದು ಇಷ್ಟು. ಉಜ್ಜಬಾರದು. ಕುಡಿಯುವ ನೀರನ್ನು ಧಾರೆಯಾಗಿ ಬಿಟ್ಟು ತೊಳೆಯಬೇಕು. ಚುಚ್ಚಿಕೊಂಡಿದ್ದನ್ನು ಕೀಳಲು ಹೋಗಬಾರದು. ಹತ್ತಿ ಇಟ್ಟು ಬಿಗಿಯಾಗಿ ಕಟ್ಟಬಾರದು, ಬೆಚ್ಚಗಿನ ಕತ್ತಲಿನಲ್ಲಿ ಸೋಂಕು ಹೆಚ್ಚುತ್ತದೆ. ಅದೇ ದಿನ ಪಿಎಚ್‌ಸಿಗೋ ತಾಲ್ಲೂಕು ಆಸ್ಪತ್ರೆಗೋ ಹೋದರೆ, ಫ್ಲೋರೆಸಿನ್ ಕಾಗದದ ಪಟ್ಟಿ ತಾಗಿಸಿ ನೀಲಿ ಬೆಳಕು ಬಿಟ್ಟು ನೋಡುತ್ತಾರೆ. ಗೀರು ಇದ್ದಲ್ಲಿ ಹಸಿರಾಗಿ ಹೊಳೆಯುತ್ತದೆ. ನೋವು ಮರಗಟ್ಟಿಸುವ ಹನಿಯನ್ನು ಪರೀಕ್ಷೆಗೆ ಹಾಕುವುದು ಸರಿ, ಮನೆಗೆ ಕೇಳಿ ತರುವುದು ತಪ್ಪು: ಅದು ಗಾಯ ಮಾಯುವುದನ್ನೇ ತಡೆಯುತ್ತದೆ.

ಕರಿಗುಡ್ಡೆಯ ಮೇಲೆ ಬಿಳಿ ಚುಕ್ಕೆ ಕಂಡಿತೆಂದರೆ ದಾರಿ ಬೇರೆ. ಆಗ ಮೊದಲು ಬೇಕಾದ್ದು ಹನಿಯಲ್ಲ, ಪರೀಕ್ಷೆ. ಬರೀ ಫೋಟೋ ನೋಡಿ ಹುಣ್ಣು ಬ್ಯಾಕ್ಟೀರಿಯಾದ್ದೋ ಫಂಗಸ್ಸಿನದೋ ಹೇಳಲು ಕಾರ್ನಿಯಾ ತಜ್ಞರನ್ನೇ ಕೇಳಿದಾಗ ಮೂರರಲ್ಲಿ ಎರಡು ಸಲವಷ್ಟೇ ಸರಿಯಾಯಿತು ಎಂದು 2012ರ ಅಧ್ಯಯನವೊಂದು ತೋರಿಸಿತು. ಗರಿಗರಿಯಾದ ಅಂಚು, ಸುತ್ತ ಮರಿಚುಕ್ಕೆಗಳು, ಕಾಣುವಷ್ಟು ನೋವಿಲ್ಲದಿರುವುದು ಫಂಗಸ್ಸಿನ ಸುಳಿವುಗಳು, ಸಾಕ್ಷಿಗಳಲ್ಲ. ಕಣ್ಣು ಮರಗಟ್ಟಿಸಿ, ಸಣ್ಣ ಬ್ಲೇಡಿನಿಂದ ಹುಣ್ಣಿನ ಅಂಚು ಮತ್ತು ತಳವನ್ನು ಕೆರೆದು, ಗಾಜಿನ ಪಟ್ಟಿಯ ಮೇಲಿಟ್ಟು ಶೇ 10ರ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಒಂದು ಹನಿ ಹಾಕಿದರೆ, ಫಂಗಸ್ ಎಳೆಗಳು ಕೆಲವೇ ನಿಮಿಷದಲ್ಲಿ ಸೂಕ್ಷ್ಮದರ್ಶಕದಲ್ಲಿ ಕಾಣುತ್ತವೆ. ಕಲ್ಚರ್ (ಕೆರೆದದ್ದನ್ನು ಲ್ಯಾಬಿನಲ್ಲಿ ಬೆಳೆಸಿ ನೋಡುವ) ವರದಿಗೆ ಒಂದು ವಾರ ಅಥವಾ ಹೆಚ್ಚು ಬೇಕು, ಈ ಪರೀಕ್ಷೆಗೆ ಅಷ್ಟು ಕಾಯಬೇಕಿಲ್ಲ. ಕೆರೆಯುವ ಮುನ್ನವೇ ನಾಲ್ಕಾರು ಹನಿ ಹಾಕಿಕೊಂಡು ಬಂದರೆ ಕಲ್ಚರಿನಲ್ಲಿ ಏನೂ ಬೆಳೆಯದೆ ಹೋಗಬಹುದು. ಹಾಕಿದ ಬಾಟಲಿಗಳನ್ನೆಲ್ಲ ಚೀಲದಲ್ಲಿ ತಂದು ತೋರಿಸುವುದು ದೊಡ್ಡ ಸಹಾಯ.

ಮದ್ದಿನ ವಿಷಯದಲ್ಲಿ ಎಲ್ಲರನ್ನೂ ಅಚ್ಚರಿಗೊಳಿಸಿದ್ದು 2013ರ ಫಲಿತಾಂಶ. ಆಳಕ್ಕೆ ಚೆನ್ನಾಗಿ ಇಳಿಯುವ ವೊರಿಕೊನಜೋಲ್ ಎಂಬ ಫಂಗಸ್ ಮದ್ದು ಬಂದ ಮೇಲೆ ಬಹಳ ಜನ ವೈದ್ಯರು ಅದರ ಕಡೆ ವಾಲಿದ್ದರು. ಅರವಿಂದದ ಆಸ್ಪತ್ರೆಗಳಲ್ಲಿ 323 ರೋಗಿಗಳ ಮೇಲೆ ಎರಡನ್ನೂ ಹೋಲಿಸಿದಾಗ ಹಳೆಯ ನಟಾಮೈಸಿನ್ನೇ ಗೆದ್ದಿತು. ಕಣ್ಣು ತೂತಾಗಿ ಅಥವಾ ತುರ್ತು ಕಸಿ ಬೇಕಾಗಿ ಬಂದವರು ವೊರಿಕೊನಜೋಲ್ ಗುಂಪಿನಲ್ಲಿ 34, ನಟಾಮೈಸಿನ್ ಗುಂಪಿನಲ್ಲಿ 18. ಫ್ಯುಸೇರಿಯಮ್ ಎಂಬ ಜಾತಿಯ ಫಂಗಸ್ ಸೋಂಕಿನಲ್ಲಿ ಅಂತರ ಇನ್ನೂ ದೊಡ್ಡದು: ದೃಷ್ಟಿಫಲಕದ ಸುಮಾರು 4 ಸಾಲು. ಮೂರು ವರ್ಷದ ನಂತರ, ತೀವ್ರ ಹುಣ್ಣಿಗೆ ವೊರಿಕೊನಜೋಲ್ ಮಾತ್ರೆ ಸೇರಿಸಿದರೂ ಒಟ್ಟಾರೆ ಲಾಭವಿಲ್ಲ ಎಂದು ಗೊತ್ತಾಯಿತು. ಅತಿನೇರಳೆ ಬೆಳಕಿನಿಂದ ಕಾರ್ನಿಯಾವನ್ನು ಗಟ್ಟಿಗೊಳಿಸುವ ಕ್ರಾಸ್‌ಲಿಂಕಿಂಗ್ ಕೂಡ 2020ರ ಪರೀಕ್ಷೆಯಲ್ಲಿ ಉಪಯೋಗಕ್ಕೆ ಬರಲಿಲ್ಲ. ಕಡಿಮೆ ಬೆಲೆಯ ಕ್ಲೋರ್‌ಹೆಕ್ಸಿಡಿನ್ ಹನಿ 2022ರಲ್ಲಿ ನೇಪಾಳದಲ್ಲಿ ನಟಾಮೈಸಿನ್‌ಗೆ ಸಮವಾಗಲಿಲ್ಲ. ಅಷ್ಟರಲ್ಲಿ, 2017ರಲ್ಲೇ, ವಿಶ್ವ ಆರೋಗ್ಯ ಸಂಸ್ಥೆ ನಟಾಮೈಸಿನ್ ಅನ್ನು ಅಗತ್ಯ ಔಷಧಗಳ ಪಟ್ಟಿಗೆ ಸೇರಿಸಿತ್ತು.

2013ರ ಆ ಪ್ರಯೋಗದಲ್ಲಿ ಗೆದ್ದದ್ದು ಬರೀ ಔಷಧವಲ್ಲ, ಹಾಕಿದ ಕ್ರಮವೂ ಹೌದು: ಎಚ್ಚರವಿರುವಷ್ಟು ಹೊತ್ತು ಮೊದಲ ವಾರ ಗಂಟೆಗೊಂದು ಹನಿ, ಮೂರನೆಯ ವಾರದವರೆಗೆ ಎರಡು ಗಂಟೆಗೊಂದು. 5 ಮಿ.ಲೀ. ಬಾಟಲಿಯಲ್ಲಿ ಸುಮಾರು 100 ಹನಿ ಇರುತ್ತವೆ. ದಿನಕ್ಕೆ 16 ಹನಿಯಾದರೆ ಆರು ದಿನಕ್ಕೆ ಖಾಲಿ. ಎರಡನೆಯ ಬಾಟಲಿ ಮೊದಲೇ ಮನೆಯಲ್ಲಿರಬೇಕು, ಏಕೆಂದರೆ ಎಲ್ಲ ಊರಿನ ಅಂಗಡಿಯಲ್ಲೂ ಇದು ಇರುವುದಿಲ್ಲ. ಪ್ರತಿ ಸಲ ಚೆನ್ನಾಗಿ ಅಲುಗಾಡಿಸಬೇಕು, ಇಲ್ಲದಿದ್ದರೆ ಔಷಧ ತಳದಲ್ಲೇ ಉಳಿದು ಕಣ್ಣಿಗೆ ಬರೀ ತಿಳಿನೀರು ಬೀಳುತ್ತದೆ. ಬೇರೆ ಹನಿಗೂ ಇದಕ್ಕೂ ಐದು ನಿಮಿಷ ಅಂತರವಿರಲಿ. ಹುಣ್ಣಿನ ಮೇಲೆ ಬಿಳಿಪುಡಿ ಕೂತಿದ್ದು ಕಂಡರೆ ಅದು ಮದ್ದು, ಹುಣ್ಣು ಬೆಳೆದದ್ದಲ್ಲ. ಹತ್ತನೇ ದಿನಕ್ಕೆ ಕೆಂಪು ಕಡಿಮೆಯಾಯಿತೆಂದು ಬಿಟ್ಟವರೇ ಮತ್ತೆ ಕೆಟ್ಟ ಸ್ಥಿತಿಯಲ್ಲಿ ಬರುತ್ತಾರೆ. ಆಳದ ಹುಣ್ಣಿಗೆ ಒಂದೂವರೆ ತಿಂಗಳಾದರೂ ಬೇಕು.

ನಟಾಮೈಸಿನ್ ಸರಿಯಾಗಿ ಹಾಕಿಯೂ ಹುಣ್ಣು ಬೆಳೆಯುತ್ತಲೇ ಹೋದರೆ? ಕೆಸರುಗದ್ದೆಯವರು ತಿಳಿದಿರಬೇಕಾದ ಹೆಸರು ಪಿಥಿಯಮ್. ಸೂಕ್ಷ್ಮದರ್ಶಕದಲ್ಲಿ ಫಂಗಸ್ಸಿನಂತೆಯೇ ಕಾಣುವ ಇದು ಫಂಗಸ್ ಅಲ್ಲ, ನಿಂತ ನೀರಿನಲ್ಲಿ ಬದುಕುವ ಬೇರೆಯೇ ಜೀವಿ. ನಟಾಮೈಸಿನ್ ಹಿಡಿಯುವುದು ಫಂಗಸ್ ಜೀವಕೋಶದ ಹೊರಪದರದಲ್ಲಿರುವ ಎರ್ಗೊಸ್ಟೆರಾಲ್ ಎಂಬ ವಸ್ತುವನ್ನು. ಪಿಥಿಯಮ್‌ನ ಹೊರಪದರದಲ್ಲಿ ಅದೇ ಇಲ್ಲ. ಕಳೆದ ಒಂದು ದಶಕದಲ್ಲಿ ಹೈದರಾಬಾದಿನ ಎಲ್.ವಿ. ಪ್ರಸಾದ್ ಕಣ್ಣಾಸ್ಪತ್ರೆಯ ತಜ್ಞರು ಇದನ್ನು ಅಯೋಡಿನ್ ಮತ್ತು ಸಲ್ಫ್ಯೂರಿಕ್ ಆಮ್ಲದ ಬಣ್ಣ ಪರೀಕ್ಷೆಯಿಂದ ಗುರುತಿಸುವುದನ್ನೂ, ಲೈನೆಜೋಲಿಡ್ ಮತ್ತು ಅಜಿತ್ರೊಮೈಸಿನ್ ಎಂಬ ಬ್ಯಾಕ್ಟೀರಿಯಾದ ಔಷಧಗಳಿಂದ ಎದುರಿಸುವುದನ್ನೂ ತೋರಿಸಿಕೊಟ್ಟರು. ನಮ್ಮ ಭಾಗಕ್ಕೆ ನಿಜವಾದ ಹೊಸ ಮುನ್ನಡೆ ಎಂದರೆ ಇದು. ಒಂದು ವಾರದ ಸರಿಯಾದ ಚಿಕಿತ್ಸೆಗೂ ಬಗ್ಗದ ಹುಣ್ಣನ್ನು ಮತ್ತೆ ಕೆರೆದು ನೋಡಿಸಬೇಕು.

ಹಂದಿಚರ್ಮದ ಕೊಲಾಜೆನ್‌ನಿಂದ ಕಾರ್ನಿಯಾ ಮಾಡಿದ ಸುದ್ದಿ 2022ರಲ್ಲಿ ಪತ್ರಿಕೆಗಳಲ್ಲಿ ಬಂದಿತ್ತು. ಅದನ್ನು ಭಾರತ ಮತ್ತು ಇರಾನಿನ 20 ಮಂದಿಗೆ ಹಾಕಿದ್ದು ಕಾರ್ನಿಯಾ ತೆಳುವಾಗಿ ಮೊನೆಯಾಗುವ ಕೆರಟೊಕೋನಸ್ ಎಂಬ ಬೇರೆ ತೊಂದರೆಗೆ. ಸೋಂಕಿನಿಂದ ತೂತಾದ ಕಣ್ಣಿಗೆ ಇವತ್ತಿಗೂ ಮುಖ್ಯವಾಗಿ ಇರುವುದು ಎರಡು ದಾರಿ. ತೂತು 2 ಮಿ.ಮೀ. ಒಳಗಿದ್ದರೆ ಅಂಟು ಹಾಕಿ ಮೇಲೆ ಕಾಂಟ್ಯಾಕ್ಟ್ ಲೆನ್ಸ್ ಇಡುವುದು, ದೊಡ್ಡದಾದರೆ ದಾನಿಯ ಕಾರ್ನಿಯಾ ಕಸಿ ಮಾಡುವುದು. ಸೋಂಕಿದ್ದಾಗ ಮಾಡುವ ಕಸಿಯ ಗುರಿ ಕಣ್ಣುಗುಡ್ಡೆಯನ್ನು ಉಳಿಸುವುದು, ದೃಷ್ಟಿ ಆಮೇಲಿನ ಮಾತು. ಹಾಗಾಗಿ ದೃಷ್ಟಿಗೆಂದು ಬಳಸಲು ಸಾಲದ ಕಾರ್ನಿಯಾ ಕೂಡ ಇಲ್ಲಿ ಕೆಲಸಕ್ಕೆ ಬರುತ್ತದೆ.

ಅದಕ್ಕೆ ಕಣ್ಣು ಬೇಕು. ಸಾವಾದ 6 ಗಂಟೆಯೊಳಗೆ ತೆಗೆಯಬೇಕು. ನೇತ್ರಬ್ಯಾಂಕಿನವರು ಬರುವವರೆಗೆ ರೆಪ್ಪೆ ಮುಚ್ಚಿ, ಮೇಲೆ ಒದ್ದೆ ಹತ್ತಿ ಇಟ್ಟು, ತಲೆಗೆ ದಿಂಬು ಕೊಟ್ಟು, ಫ್ಯಾನ್ ಆರಿಸಿರಬೇಕು. ಕನ್ನಡಕದವರು, ಪೊರೆ ಆಪರೇಷನ್ ಆದವರು, ಸಕ್ಕರೆ ಕಾಯಿಲೆ, ಬಿಪಿ ಇದ್ದವರು ಎಲ್ಲರೂ ಕೊಡಬಹುದು. ಎಚ್‌ಐವಿ, ಹೆಪಟೈಟಿಸ್ ಬಿ ಅಥವಾ ಸಿ, ರೇಬೀಸ್ ಮುಂತಾದವು ಇದ್ದವರ ಕಣ್ಣು ಮಾತ್ರ ತೆಗೆದುಕೊಳ್ಳುವುದಿಲ್ಲ.